ಕಂಬದಿಂದ ಕಂಬಕ್ಕೆ

ಜನವರಿ ಒಂದಕ್ಕೆ, ಇಲಾಖೆ ಕೊಟ್ಟ ಡೈರಿಯ ಮೊದಲ ಹಾಳೆಗೆ
ಹಸಿರು ಶಾಯಿಯಲ್ಲಿ ಬರೆದೆ:
ಓಡುವುದು ಆರುನೂರು ಕಿಲೋಮೀಟರು,
ಓದುವುದು ಹನ್ನೆರಡು ಪುಸ್ತಕ.
ಓಡು, ಓದು.
ನಾಲಿಗೆ ಮಡಚಿದರೆ ಒಂದು, ಹಲ್ಲಿಗೆ ತಾಗಿಸಿದರೆ ಇನ್ನೊಂದು.
ಇಷ್ಟು ಹತ್ತಿರದವೆರಡನ್ನು
ಒಂದೇ ಬಾಯಲ್ಲಿ ಸಂಭಾಳಿಸಲಾರೆನೇ ಅಂದುಕೊಂಡೆ.

ಈಗ ಆಗಸ್ಟು.
ಓಡಿದ್ದು ನೂರ ನಲವತ್ತೊಂದು.
ಓದಿದ್ದು ಒಂದೂವರೆ, ಆ ಅರ್ಧ
ಮಾರ್ಚಿನಿಂದಲೂ ಅರ್ಧವೇ.

ಬೆಳಿಗ್ಗೆ ಐದೂಕಾಲು, ಬೂಟಿನ ಲೇಸು ಇನ್ನೂ ಬೆರಳಲ್ಲಿ,
ಫೋನು.
"ಮೇಡಮ್ಮಾರೆ, ಕರೆಂಟ್ ಎಷ್ಟೊತ್ತಿಗೆ ಬತ್ತೈತೆ?"
ಕೆಳಗೋಟೆಯವರಿಗೆ ನೀರಿನ ಮೋಟರು,
ಗಿರಣಿಯವರಿಗೆ ಅರ್ಧ ಬೀಸಿದ ರಾಗಿ,
ಸಂಜೆ ಒಬ್ಬರು ಆರತಕ್ಷತೆಯ ಮಂಟಪದಿಂದ, ಬರೀ ಬೈಯುವುದಕ್ಕೆ.
"ಗುಡ್ಡದ ಮೇಲೆ ಅಷ್ಟೊಂದು ಫ್ಯಾನ್ ತಿರುಗ್ತವೆ,
ನಮ್ಮನೇದೊಂದು ತಿರುಗಲ್ವಲ್ಲಮ್ಮ" ಎಂದರು ಒಬ್ಬ ಅಜ್ಜ.
ನಕ್ಕುಬಿಟ್ಟೆ.
ನಕ್ಕಿದ್ದಕ್ಕೆ ಮೇಲಿನವರಿಗೆ ದೂರು ಹೋಯಿತು.

ಲೈಬ್ರರಿಯ ರುದ್ರಾಣಿ ಗಡುವಿನ ಚೀಟಿಗೆ
ಐದನೇ ಸಲ ಮುದ್ರೆ ಒತ್ತುತ್ತ,
"ಇದನ್ನ ನಿಮ್ಮ ಹೆಸರಿಗೇ ಖಾತೆ ಮಾಡಿಬಿಡ್ಲಾ?" ಅಂದಳು.
ಪುಟದ ಗುರುತಿಗೆ ಯಾರದೋ ಬಾಕಿ ಬಿಲ್ಲು ಇಟ್ಟಿದ್ದೇನೆ.
ಆ ಪುಟದಲ್ಲಿ ಒಬ್ಬ ಹೆಂಗಸು
ಅಗುಳಿಯ ಮೇಲೆ ಕೈಯಿಟ್ಟು
ಮಾರ್ಚಿನಿಂದ ನಿಂತಿದ್ದಾಳೆ.
ಕೈ ಸೋತಿರಬೇಕು.

ಗುರುವಾರ ರಾತ್ರಿ ಗಾಳಿ.
ಚಂದ್ರವಳ್ಳಿ ಕಡೆಯ ಲೈನು ಎರಡು ಸಲ ಹಾಕಿದರೂ ನಿಲ್ಲಲಿಲ್ಲ.
ಜೀಪು ಬಂಡೆಗಳ ತನಕ, ಆಮೇಲೆ ಕಾಲೇ ಗತಿ.
ಮಂಡಿನೋವಿನ ಓಬಳೇಶ ಕೆಳಗಿನ ತುದಿಯಿಂದ, ನಾನು ಮೇಲಿನಿಂದ,
ತಂತಿಯ ಮೇಲೆ ಟಾರ್ಚು, ಕಂಬದ ಮೇಲೆ ಟಾರ್ಚು,
ಉದುರಿದ ಬಿಳಿ ಬಣ್ಣದಲ್ಲಿ ಅಂಕಿ ಓದುತ್ತ:
ಏಳು. ಎಂಟು. ಒಂಬತ್ತು ಅರ್ಧ ಅಳಿಸಿದೆ. ಹತ್ತು.
ಬಂಡೆಗಳು ಹಗಲಿನ ಬಿಸಿಯನ್ನು ಇನ್ನೂ ಹಿಡಿದುಕೊಂಡಿದ್ದವು.
ಅವುಗಳ ಸಂದಿಯಲ್ಲಿ ಸಿಗ್ನಲ್ ಸತ್ತಿತ್ತು,
ಏಳು ತಿಂಗಳಲ್ಲಿ ಮೊದಲ ಸಲ
ಯಾರೂ ನನ್ನನ್ನು ಏನೂ ಕೇಳುತ್ತಿರಲಿಲ್ಲ.
ನಡಿಗೆ ಯಾವ ಕಂಬದಲ್ಲಿ ಓಟವಾಯಿತೋ
ನೋಡಿಕೊಳ್ಳಲಿಲ್ಲ.

ಮೂವತ್ತಾರರಲ್ಲಿ ಸಿಕ್ಕಿತು.
ಎರಡು ತಂತಿಗಳ ನಡುವೆ ಒಂದು ಬಾವಲಿ, ರೆಕ್ಕೆ ಅಗಲಿಸಿ.
ತೆರೆದಿಟ್ಟ ಪುಸ್ತಕದ ಹಾಗೆ ಅನ್ನಬಹುದು.
ಅನ್ನುವುದಿಲ್ಲ. ಸುಟ್ಟ ವಾಸನೆ ಇತ್ತು,
ಪಾಪದ್ದು ಹಣ್ಣಿಗೆ ಹೊರಟಿತ್ತು.
ಕಂಡ ಮೇಲೂ ಕಾಲು ನಿಲ್ಲಲಿಲ್ಲ.
ಮೂವತ್ತೇಳು.
ಮೂವತ್ತೆಂಟು.
ಆಮೇಲೆ ತಿರುಗಿ ಬಂದೆ.

ಓಬಳೇಶ ಹತ್ತಿ ಅದನ್ನು ಇಳಿಸಿದ.
ಜೀಪಿನ ಹತ್ತಿರ ಬಂದು ಸಬ್‌ಸ್ಟೇಷನ್ನಿಗೆ ಹೇಳಿದೆ. ಕೆಳಗೆ ಊರು
ಒಂದೇ ಏಟಿಗೆ ಕಣ್ಣು ಬಿಟ್ಟಿತು.
ಬಂತು ಅಂತ ಹೇಳಲು ಯಾರೂ ಫೋನ್ ಮಾಡುವುದಿಲ್ಲ.

ವಾಚು ಮನೆಯಲ್ಲಿ ಚಾರ್ಜಿಗಿತ್ತು.
ಕಂಬಕ್ಕೆ ಐವತ್ತು ಮೀಟರಿನಂತೆ ಮನಸ್ಸಲ್ಲೇ ಗುಣಿಸುತ್ತ ಕೇಳಿದೆ,
"ಇದು ಲೆಕ್ಕಕ್ಕೆ ಬರ್ತದಾ ಓಬಳೇಶ?"
ಮಂಡಿ ತಿಕ್ಕುತ್ತ ಹೇಳಿದ:
"ಸಂಬಳಕ್ಕೆ ಓಡಿದ್ದು ಡ್ಯೂಟಿ ಮೇಡಂ, ಓಟ ಅಲ್ಲ."
ಬೀಡಿ ಹಚ್ಚಿದ. ಒಂದು ದಮ್ಮು ಎಳೆದು,
"ಕೊನೇ ಎರಡು ಕಂಬ ಮಾತ್ರ
ನೀವು ಸುಮ್ ಸುಮ್ನೆ ಓಡಿದ್ರಿ.
ಟಾರ್ಚು ಕುಣೀತಿತ್ತು, ಕೆಳಗಿಂದ ನೋಡ್ದೆ."

ಡೈರಿಯಲ್ಲಿ ಬರೆದೆ: ನೂರು ಮೀಟರು.
ವಾಪಸು ಬಂದದ್ದು ಡ್ಯೂಟಿ.

ಮೂರೂ ಹತ್ತು. ಇನ್ನು ನಿದ್ದೆ ಬರುವುದಿಲ್ಲ.
ಅಂಗೈಯ ಗ್ರೀಸು ಒರೆಸಿಕೊಂಡು ಪುಸ್ತಕ ತೆರೆದೆ,
ಬಾಕಿ ಬಿಲ್ಲು ಮಡಿಲಿಗೆ ಬಿತ್ತು.
ಅಗುಳಿ ಸರಿಯಿತು.
ಬಾಗಿಲಾಚೆ ಕತ್ತಲು,
ಯಾರೋ ತಡವರಿಸುತ್ತ ಕೇಳುತ್ತಿದ್ದರು,
ಮನೆಯಲ್ಲಿ ಒಂದು ದೀಪವಾದರೂ ಇದೆಯೇ ಅಂತ.