ಈ ಮೀಸೆ ಯಾರದು

ಡಿಸ್ಕಿನ ತಪ್ಪಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು.
ಯಾದಗಿರಿ ಸ್ಟೇಷನ್ ರಸ್ತೆಯ ಸ್ಟುಡಿಯೋ ಒಂದರದ್ದು,
ಹದಿನೆಂಟು ವರ್ಷದ ಪಾಸ್‌ಪೋರ್ಟ್ ಸೈಜು ಮುಖಗಳು,
ರೇಷನ್ ಕಾರ್ಡಿಗೆ, ಹಾಲ್ ಟಿಕೆಟ್ಟಿಗೆ, ಬ್ಯಾಂಕ್ ಪಾಸ್‌ಬುಕ್ಕಿಗೆ
ಉಸಿರು ಬಿಗಿಹಿಡಿದು ಕೂತ ಊರು ಪೂರಾ
ಅಂಗೈಯಗಲದ ಡಬ್ಬಿಯೊಳಗೆ.
ಸ್ಟುಡಿಯೋದ ಬಂಡೆಪ್ಪ ಅದನ್ನು ಟವೆಲಿನಲ್ಲಿ ಸುತ್ತಿ ತಂದಿದ್ದ,
ಜ್ವರ ಬಂದ ಕೂಸಿನ ಹಾಗೆ.

ಕಿವಿಗಿಟ್ಟು ಕೇಳಿದೆ. ಸಣ್ಣಗೆ ತಿರುಗುತ್ತಿತ್ತು, ಟಿಕ್ ಅನ್ನಲಿಲ್ಲ.
ಆಗಲೇ ಒಂದು ನಕಲು ತೆಗೆದು ಬದಿಗಿಡಬೇಕಿತ್ತು.
ಖಾಲಿ ಡಿಸ್ಕು ಇರಲಿಲ್ಲ ಅಂತಲ್ಲ, ಇತ್ತು,
ಟೇಪು ಕೂಡ ಬಿಚ್ಚದೆ ಕಪಾಟಿನಲ್ಲಿತ್ತು.
ಏಪ್ರಿಲ್ ಮಧ್ಯಾಹ್ನ. ಮೇಲಿನ ತಗಡು ಕಾದು ಟಣ್ ಟಣ್ ಅನ್ನುತ್ತಿತ್ತು.
ಕರೆಂಟು ಹೋಗುವುದರೊಳಗೆ ಮುಗಿಸಿಬಿಡೋಣ ಅಂತ
ರಿಪೇರಿ ಎಂಬ ಗುಂಡಿ ಒತ್ತಿದೆ,
ಅಸಲಿನ ಮೇಲೆಯೇ.

ನನ್ನ ಯಂತ್ರದ ಎರಡನೇ ಸ್ಲಾಟಿನಲ್ಲಿ
ಹೈದರಾಬಾದಿನಿಂದ ಸೆಕೆಂಡ್ ಹ್ಯಾಂಡ್ ತಂದ ರ್‍ಯಾಮ್ ಪಟ್ಟಿ.
ಅದಕ್ಕೆ ಬಿಸಿಯಾದರೆ ಮರೆವು.
ಕೋಟಿಗೊಮ್ಮೆ ಸೊನ್ನೆಯನ್ನು ಒಂದು ಅನ್ನುತ್ತಿತ್ತು,
ಅಳುಕದೆ ಅನ್ನುತ್ತಿತ್ತು.
ಕಂಪ್ಯೂಟರು ಅದನ್ನು ನಂಬಿ
ಡಿಸ್ಕಿನ ಖಾತೆಯಲ್ಲಿ ಬರೆದು ಬಂತು: ಈ ಹಣೆಗೆ ಆ ಗದ್ದ.

ಸಂಜೆ ನೋಡಿದರೆ
ಶಾಲೆ ಹುಡುಗನ ಕಣ್ಣ ಕೆಳಗೆ ಮುದುಕಿಯ ಬೊಚ್ಚುಬಾಯಿ.
ಕೆಲವು ಬರೀ ಬೂದಿ.
ಒಂದೇ ಕ್ಯಾಮೆರಾ, ಒಂದೇ ನೀಲಿ ಪರದೆ, ಒಂದೇ ಸ್ಟೂಲು ನೋಡ್ರಿ,
ಕೆಲವು ಎಷ್ಟು ಚಂದ ಕೂಡಿದ್ದವೆಂದರೆ
ಮೊದಲು ನನಗೆ ತಿಳಿಯಲೇ ಇಲ್ಲ.
ಎರಡು ದಿನ ಡಿಸ್ಕನ್ನೇ ಬೈದೆ. ಮೂರನೇ ದಿನ
ಅದೇ ಫೈಲನ್ನು ಎರಡು ಸಲ ಓದಿಸಿದೆ, ಎರಡು ಉತ್ತರ ಬಂತು.
ಪಟ್ಟಿ ಕಿತ್ತು ಓದಿಸಿದೆ. ಒಂದೇ ಉತ್ತರ.
ಆ ಹೊತ್ತು ಬೆವರು ಬಂದದ್ದು ಸೆಕೆಗಲ್ಲ.

ವಡಗೇರಾದ ಮಹಾನಂದಾ ಬಸ್ಸಿಳಿದು ನೇರ ಅಂಗಡಿಗೇ ಬಂದಳು.
ಅವಳ ಅವ್ವ ಸಾಬಮ್ಮ ಇಡೀ ಜನ್ಮದಲ್ಲಿ
ಕ್ಯಾಮೆರಾದ ಮುಂದೆ ಕೂತದ್ದು ಒಂದೇ ಸಲ, ಜಾಬ್ ಕಾರ್ಡಿಗೆ.
ಕಾರ್ಡು ಇಲಿ ತಿಂದಿತ್ತು.
ಸ್ಕ್ರೀನ್ ತಿರುಗಿಸಿದೆ.
ಕುಂಕುಮ, ಹುಬ್ಬು, ಒಂದಿಷ್ಟು ಗಾಬರಿಯ ಕಣ್ಣು.
ಅದರ ಕೆಳಗೆ ದಪ್ಪ ಮೀಸೆ.
ಪೂರಾ ಹೇಳಿದೆ. ಬೆರಳುದ್ದದ ಆ ಪಟ್ಟಿಯನ್ನೂ ತೋರಿಸಿದೆ.
ಡಿಸ್ಕ್ ಹಾಳಾಗಿತ್ತು ಅನ್ನಬಹುದಿತ್ತು, ಎಲ್ಲರೂ ಅನ್ನುತ್ತಾರೆ.
ಅವಳು ಪಕ್ಕನೆ ನಕ್ಕಳು, ಸೆರಗು ಬಾಯಿಗೊತ್ತಿ.
ನಗು ಎಲ್ಲಿ ಮುಗಿಯಿತೋ ಗೊತ್ತಾಗಲಿಲ್ಲ.
ಆಮೇಲೆ ಕೇಳಿದಳು:
"ಈ ಮೀಸಿ ಯಾರದ್ರೀ?
ಅವನ ಬಲ್ಲಿ ನಮ್ಮವ್ವನ ಮೂಗುತಿ ಇರಬೇಕಲ್ಲ?"

ನನಗೆ ಹೊಳೆದೇ ಇರಲಿಲ್ಲ.
ಮೂವತ್ತೊಂದು ಸಾವಿರ ಮುಖ. ಸ್ಟೂಲು ಎಳೆದುಕೊಂಡು ಕೂತೆವು.
ಹನ್ನೊಂದು ಸಾವಿರದ ಹತ್ತಿರ, ಬೀದಿ ದೀಪ ಹತ್ತಿದ ಮೇಲೆ,
ವಿಭೂತಿ ಬಳಿದ ಅಗಲ ಹಣೆಯ ಕೆಳಗೆ
ಕೆಂಪು ಹರಳಿನ ಮೂಗುತಿ,
ಎಲೆ ಹಾಕಿದ ತುಟಿ.
ಅವಳು ಗಾಜಿನ ಮೇಲೆ ಬೆರಳಿಟ್ಟಳು.
"ಕೂಡಸ್ರಿ" ಅಂದಳು.

ಕೂಡಿಸಲಿಲ್ಲ, ಕೂಡಲೇ.
ಟೇಪು ಕಿತ್ತು ಹೊಸ ಡಿಸ್ಕು ಹೊರಗೆ ತೆಗೆದೆ. ಒಂದು ನಕಲು.
ಅಸಲಿನ ಜೊತೆ ತಾಳೆ ನೋಡಿದೆ.
ಮತ್ತೊಂದು ನಕಲು.
ಕೊನೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಚಹಾದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು
ಆ ಇಬ್ಬರು ಅರ್ಧ ಮಂದಿಯನ್ನು ನೋಡುತ್ತ ಕೂತಳು.
ಮೀಸೆಯವನು ಯಾರೋ, ಇದೇ ಊರಲ್ಲಿ ಎಲ್ಲೋ
ಈಗ ಊಟಕ್ಕೆ ಕೂತಿದ್ದಾನು,
ತನ್ನ ಬಾಯಿಂದಲೇ ಉಣ್ಣುತ್ತ.