ಸಿದ್ದ, ಸಿದ್ದಾಪುರ

ಲಕೋಟೆಯ ಮೇಲೆ ಅಷ್ಟೇ.
ಪಿನ್‌ಕೋಡ್ ಇಲ್ಲ, ಜಿಲ್ಲೆ ಇಲ್ಲ, ಅಪ್ಪನ ಹೆಸರಿಲ್ಲ.
ಒಂದು ಹೆಸರು, ಅದರ ಕೆಳಗೆ
ಅದೇ ಹೆಸರಿಗೆ ಬಾಲ ಕಟ್ಟಿದ ಊರು.

ಮುದ್ರೆಗಳನ್ನು ಬೆಳಕಿಗೆ ಹಿಡಿದೆ.
ಮೊದಲನೆಯದು ಬರೀ ಮಸಿ, ಓದಲಾಗದು.
ಆಮೇಲೆ ಶಿರಸಿ ಕಡೆಯ ಸಿದ್ದಾಪುರ;
ಯಾರೋ ಕೆಂಪು ಶಾಯಿಯಲ್ಲಿ ‘ಇಲ್ಲಿಲ್ಲ’ ಎಂದು ಬರೆದು
ಘಟ್ಟ ಇಳಿಸಿದ್ದಾರೆ. ಕುಂದಾಪುರದ ಸಿದ್ದಾಪುರ
ಹದಿನೇಳು ದಿನ ಇಟ್ಟುಕೊಂಡಿದೆ, ಬಿಡಲು ಮನಸ್ಸು ಬಾರದೆ ಇರಬೇಕು.
ಬೆಂಗಳೂರಲ್ಲೂ ಒಂದಿದೆಯಂತೆ, ಲಾಲ್‌ಬಾಗಿನ ಬೆನ್ನಿಗೆ,
ಹೂಕುಂಡ ಮಾರುವವರ ನಡುವೆ.
ಕಾರಟಗಿ ಹತ್ತಿರದ್ದಕ್ಕೂ ಹೋಗಿಬಂದಿದೆ:
ಮಡಿಕೆಯಲ್ಲಿ ಭತ್ತದ ಹೊಟ್ಟು.
ಕೊನೆಗೆ ಕೊಡಗಿಗೆ, ನಮ್ಮದಕ್ಕೆ,
ವಿರಾಜಪೇಟೆಯ ಚೀಲದಲ್ಲಿ, ಮದುವೆ ಕಾಗದಗಳ ಅಡಿಯಲ್ಲಿ.

‘ನಮ್ಮದೇ ಇರಬೇಕು ಚೋಂದಮ್ಮ,’ ಅಂದರು ಪೋಸ್ಟ್‌ಮಾಸ್ಟರು,
‘ಉಳಿದವರೆಲ್ಲ ಕೈಬಿಟ್ಟರಲ್ಲ.’

ತಿರುಗಿಸಿದೆ. ಹಿಂದೆ, ‘ಇಂದ’ ಎಂಬಲ್ಲಿ,
ಸಿದ್ದ, ಸಿದ್ದಾಪುರ.
ಈಗ ಹೇಳಿ,
ಇದು ಹೋಗುತ್ತಿದೆಯೋ, ವಾಪಸು ಬರುತ್ತಿದೆಯೋ?
ಇಪ್ಪತ್ತೆರಡು ವರ್ಷ ಟಪಾಲು ಹಂಚಿದವಳು
ಸ್ಕೂಟರಿಗೆ ಒರಗಿ ಸುಮ್ಮನೆ ನಿಂತೆ.

ನನಗೆ ಗೊತ್ತಿರುವ ಸಿದ್ದರು ನಾಲ್ವರು.
ಪಂಪ್‌ಹೌಸಿನ ಸಿದ್ದ ಬಿಸಿಲಿಗೆ ಹಿಡಿದು ನೋಡಿ
‘ಒಳಗೆ ದುಡ್ಡಿದೆ ಅಕ್ಕ, ಹಾಗಾಗಿ ನನ್ನದಲ್ಲ’ ಅಂದ.
ತೋಟದ ಮಸ್ಟರಿನಲ್ಲಿ ‘ಸಿದ್ದ ಎರಡು’ ಆಗಿರುವವನು
ಒಂದನ್ನು ಕೇಳಿ ಎನ್ನಲು ಬಾಯಿ ತೆರೆದು ಮುಚ್ಚಿದ.
ಸಿದ್ದ ಒಂದು, ಹೋದ ವರ್ಷ ಕಾಫಿ ಹೂ ಬಿಟ್ಟ ವಾರ,
ಗೇಟಿನ ತಿರುವಿನಲ್ಲಿ ಆನೆಗೆ ಎದುರಾದ.
ಮಸ್ಟರಿನಲ್ಲಿ ಎರಡು ಇನ್ನೂ ಎರಡೇ.
ಯಾರೂ ಅವನನ್ನು ಒಂದಕ್ಕೆ ಏರಿಸಿಲ್ಲ. ಅವನೂ ಕೇಳಿಲ್ಲ.

ಉಳಿದದ್ದು ಕರಡಿಗೋಡಿನ ಹೊಳೆಬದಿಯ ಸಿದ್ದ.
ಆ ವರ್ಷದ ನೀರು ಅವನ ಮನೆಯನ್ನು ಒಯ್ದಿತ್ತು,
ಗೋಡೆಗೆ ಹೊಡೆದಿದ್ದ ನಂಬರಿನ ತಗಡು ಸಮೇತ.
ನೆಲ್ಯಹುದಿಕೇರಿ ಸೇತುವೆಯ ಕೆಳಗೆ
ಬಲೆಯ ಸಿಕ್ಕು ಬಿಡಿಸುತ್ತ ಕೂತಿದ್ದ.
‘ವಿಳಾಸ ಏನಂತ ಹಾಕಿದ್ದಾರೆ?’
ಸಿದ್ದಾಪುರ, ಅಂದೆ.
‘ಅಷ್ಟೇನಾ? ಹಾಗಾದರೆ ಕೊಡಿ.
ಅಷ್ಟು ನನ್ನ ಹತ್ತಿರ ಇದೆ.’

ಓದು ಬಾರದವನು. ನಾನೇ ಒಡೆದು ಓದಿದೆ,
ಮೊಯ್ದು ಕಾಕನ ಚಹಾದಂಗಡಿಯ ಬೆಂಚಿನಲ್ಲಿ:

‘ಕಾಫಿ ಕೊಯ್ಲಿಗೆ ಬಂದ ಸಲ ಬಸ್ಸಿಗೆ ನಲವತ್ತು ಕೊಟ್ಟಿದ್ದೆ ನೀನು.
ಊರಿನ ಹೆಸರು ಒಂದೇ ಅಂತ ನಕ್ಕಿದ್ದೆವು.
ನಿನ್ನ ಹೆಸರು ಕೇಳಿ ಇನ್ನೂ ನಕ್ಕೆವು.
ಆಮೇಲೆ ಯಾರು ನನ್ನ ಕೂಗಿದರೂ
ಸಾಲ ಕೇಳಿದ ಹಾಗೆ ಆಗುತ್ತದೆ ಮಾರಾಯ.’

ಹತ್ತರ ನೋಟು ನಾಲ್ಕು. ಒಂದಕ್ಕೆ ಅಂಟುಪಟ್ಟಿ.

ಕೊಟ್ಟಿದ್ದೆಯಾ? ಕೇಳಿದೆ.
ಅವನು ಗ್ಲಾಸಿನ ತಳದ ಸಕ್ಕರೆಯನ್ನು ಬೆರಳಲ್ಲಿ ತೆಗೆದು ನೆಕ್ಕಿದ.
‘ನಾನಲ್ಲ. ಒಂದು ಕೊಟ್ಟಿರಬೇಕು.
ಅವನಿಗೆ ಕೊಡುವ ಚಟ ಇತ್ತು.
ಅವನ ಹೆಂಡತಿ ಚಿಕ್ಕಿಗೆ ತಲುಪಿಸಿ.
ಅಂಟು ಹಚ್ಚಿದ್ದನ್ನು ಮಾತ್ರ ಬದಲಿಸಿ ಕೊಡಿ,
ಅಂಗಡಿಯವರು ಅವಳನ್ನು ಸತಾಯಿಸುತ್ತಾರೆ.’

ಮೇಲೆ ಒಂದು ಕಾರ್ಡೂ ಬರೆಸಿದ: ತಲುಪಿತು.
ಅಷ್ಟೇ. ಆನೆಯ ವಿಷಯ ಬೇಡ ಎಂದ.
ಯಾವ ಸಿದ್ದಾಪುರಕ್ಕೆ ಹಾಕಲಿ?
‘ಅವನು ಹಾಕಿದ ಹಾಗೇ ಹಾಕಿ. ಇದು ಬರಲಿಲ್ಲವಾ?’

ಪಿನ್‌ಕೋಡಿನ ಆರು ಮನೆಗಳನ್ನು ಖಾಲಿ ಬಿಟ್ಟೆ,
ಇಲಾಖೆಯವಳಾಗಿ ನಾನೇ.
ಹೆಸರು ಬರೆದೆ, ಊರು ಬರೆದೆ.
‘ಇಂದ’ ಎಂದು ಬರೆದು ತಲೆ ಎತ್ತಿದೆ,
ಯಾವ ಸಿದ್ದ ಅಂತ ಕೇಳಲು.
ಅವನಾಗಲೇ ಮೆಟ್ಟಿಲಿಳಿದು
ಮೊಣಕಾಲವರೆಗೆ ನೀರಿನಲ್ಲಿದ್ದ.