ಮೋರಿ ಎಂಬ ವರ್ಗ

ತಾಳವಾಡಿ ಎಕ್ಸ್‌ಚೇಂಜಿನಲ್ಲಿ ಗೋಡೆಯ ಬೋರ್ಡು ತಮಿಳು,
ಜಗಳ ಕನ್ನಡ, ಕಡತ ಇಂಗ್ಲಿಷು.
ನಾನು ಬರೆಯುತ್ತಿದ್ದುದು ನಾಲ್ಕನೆಯದು:
ವರ್ಗ, ವಸ್ತು, ಅದರ ಗುಣ, ಅದು ಕೊಡುವ ಉತ್ತರ.

ಪ್ರತಿ ಟವರೂ ಒಂದು ವಸ್ತು.
ಒಳಗಿನ ಬ್ಯಾಟರಿ, ಇರುವೆಗೂಡು, ಸೋರುವ ಡೀಸೆಲ್
ಯಾವುದನ್ನೂ ಹೊರಗೆ ಹೇಳಬಾರದು.
ಆಗಾಗ ಕೇಳುತ್ತೇನೆ: ಇದ್ದೀಯಾ?
ಇದ್ದೀನಿ ಅನ್ನಬೇಕು, ಅಷ್ಟೆ.
ಮೂರು ಸಲ ಸುಮ್ಮನಿದ್ದರೆ ಸತ್ತಿತೆಂದು ತಿಳಿದು
ಮಾತನ್ನು ಇನ್ನೊಂದು ದಾರಿಗೆ ತಿರುಗಿಸುತ್ತೇನೆ.
ತಿರುಗಿಸಲು ಐವತ್ತು ಮಿಲಿಸೆಕೆಂಡು.
ಶೋಕಕ್ಕೆ ಬೇರೆ ಸಮಯ ಇಟ್ಟಿಲ್ಲ.

ಕೊಂಡಿಗಳು ಎರಡು, ಒಂದೇ ತಾಯಿವರ್ಗದ ಮಕ್ಕಳು:
ಒಂದು ಆಸನೂರಿನ ಮೇಲೆ, ಒಂದು ತಲಮಲೆಯ ಕಾಡಿನೊಳಗೆ.
ಆನೆ ಒಂದನ್ನು ಕಿತ್ತರೆ ಇನ್ನೊಂದು.
ಪರದೆಯ ಮೇಲೆ ಒಂದು ನೀಲಿ, ಒಂದು ಹಸಿರು;
ಒಂದರ ಸುದ್ದಿ ಇನ್ನೊಂದಕ್ಕೆ ಗೊತ್ತಿಲ್ಲ.
ಹಾಗೇ ಇರಬೇಕು, ಅದೇ ಒಳ್ಳೆಯ ವಿನ್ಯಾಸ
ಎಂದು ಕಲಿತವಳು ನಾನು.
(ಗಡಿಯಾಚೆ ಕರ್ನಾಟಕದ ಟವರಿನ ಕೆಂಪು ದೀಪ
ಕಿಟಕಿಯಿಂದಲೇ ಕಾಣುತ್ತದೆ. ಅದು ಬೇರೆ ಸರ್ಕಲ್ಲು.
ಅದಕ್ಕೆ ಇದ್ದೀಯಾ ಅನ್ನಲು ಚೆನ್ನೈಯ ಅನುಮತಿ ಬೇಕು.)

ಅಕ್ಟೋಬರಿನ ಒಂದು ರಾತ್ರಿ ಎರಡೂ ಒಟ್ಟಿಗೆ ಸತ್ತವು.

ಎರಡರ ಸಾವನ್ನೂ ಗುಣಿಸಿ ನೋಡಿದ್ದೆ ಮೊದಲೇ:
ನೂರು ವರ್ಷಕ್ಕೊಮ್ಮೆ ಎಂದಿತ್ತು ಲೆಕ್ಕ.
ನೂರು ವರ್ಷ ಹನ್ನೊಂದು ತಿಂಗಳಿಗೆ ಮುಗಿದಿತ್ತು.

ಲೈನ್‌ಮನ್ ಕೇತಯ್ಯ ಟಾರ್ಚನ್ನು ಕಂಕುಳಿಗೆ ಸಿಕ್ಕಿಸಿ
ನನ್ನ ನಕ್ಷೆಯ ನೀಲಿಯನ್ನೂ ಹಸಿರನ್ನೂ ಬೆರಳಲ್ಲಿ ಸವರಿದ.
"ಚಿತ್ರ ಚೆಂದಾಗದ. ಆದ್ರ ಯಾಡೂ
ಸಂತೆಮಾಳದ ತಾವು ಒಂದೇ ಮೋರಿಲಿ ನುಗ್ತವ ಕನ್ರವ್ವಾ.
ಆ ಮೋರಿ ಕೊಚ್ಕ ಹೋಗದ."

ಮೊಣಕಾಲುದ್ದ ಕೆಸರಲ್ಲಿ ನಿಂತು ನೋಡಿದೆ.
ನೀಲಿಯಿಲ್ಲ, ಹಸಿರಿಲ್ಲ, ಎರಡೂ ಕಪ್ಪು,
ಒಂದೇ ಕೊಳವೆಯಿಂದ ನಾಲಗೆ ಚಾಚಿ ಬಿದ್ದಿದ್ದವು.
ನನ್ನ ನಲವತ್ತೊಂದು ವರ್ಗಗಳಲ್ಲಿ
ಮೋರಿಗೆ ಜಾಗವಿರಲಿಲ್ಲ.

ಬೆಳಗಿನ ಜಾವ ಬರೆದೆ. ವರ್ಗ: ಮೋರಿ.
ಅದನ್ನು ಕೇಳಬಹುದಾದ ಪ್ರಶ್ನೆ ಒಂದೇ:
ನಿನ್ನೊಳಗೆ ಯಾರ್ಯಾರು ಹಾದುಹೋಗುತ್ತಾರೆ?
ಕೇತಯ್ಯ ಪಕ್ಕದಲ್ಲಿ ಕೂತು ಟೀ ಆರಿಸುತ್ತಾ
ಒಂದೊಂದಾಗಿ ಹೇಳುತ್ತಾ ಹೋದ,
ಯಾವ ಕಾಗದದಲ್ಲೂ ಇಲ್ಲದ ಹದಿನೇಳು ಮೋರಿ, ದಿಂಬಂವರೆಗೆ.
ಎಂಟನೆಯದರಲ್ಲಿ ಕೇಬಲ್ ಎರಡು, ಪಂಚಾಯ್ತಿ ನೀರಿನ ಪೈಪು,
"ಒಂದು ಉಡ. ಅದ್ನೂ ಬರ್ಕಳಿ."

ಬರೆದುಕೊಂಡೆ.